ಹ್ಯಾಂಡ್‌ಹೆಲ್ಡ್ ಕೈಕೊಟ್ಟರೆ: ಸಣ್ಣ ವಿಮಾನದ ಬದಲಿ ರೇಡಿಯೊದಲ್ಲಿ ದೋಷ ಹುಡುಕುವ ಬಗೆ

"ಟವರ್ ಮಾತಾಡೋದು ಕೇಳಸ್ಲತ್ತದ ಸರ್, ನಮ್ ಮಾತು ಅವ್ರಿಗಿ ಹೋಗ್ಲತ್ತಿಲ್ಲ."

ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿಯುವ ಬದಲಿ ರೇಡಿಯೊ, ತಗೊಂಡು ಹ್ಯಾಂಗರಿಗೆ ಬರುವ ಪೈಲಟ್ ತರಬೇತಿಯ ಹುಡುಗ ಹುಡುಗಿಯರ ದೂರು ಬಹುಪಾಲು ಇದೇ. ಸೆಟ್ ಕೆಟ್ಟಿದೆ ಅಂತ ಅವರು ಆಗಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನೋಡಿದರೆ ಸೆಟ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಅದರ ಆಚೀಚೆ. ಆಂಟೆನಾ ಎಲ್ಲಿದೆ, ಹೆಡ್‌ಸೆಟ್ ಹೇಗೆ ಸಿಕ್ಕಿಸಿದ್ದಾರೆ, ಬ್ಯಾಟರಿ ಎಷ್ಟು ಹಳೆಯದು, ಒತ್ತುತ್ತಿರುವ ಗುಂಡಿ ಯಾವುದು, ಇವುಗಳಲ್ಲೇ ಉತ್ತರ ಸಿಗುತ್ತದೆ.

ಕಲಬುರಗಿ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ರಂದು. ಆಮೇಲೆ ಇಲ್ಲಿಗೆ ತರಬೇತಿ ಶಾಲೆಗಳೂ ಬಂದವು. ಈಗ ಶ್ರೀನಿವಾಸ ಸರಡಗಿ ಕಡೆ ಹೋದರೆ ತೊಗರಿ ಹೊಲದ ಮೇಲೆ ಸೆಸ್ನಾದಂಥ ಸಣ್ಣ ವಿಮಾನಗಳು ಸುತ್ತು ಹೊಡೆಯುವುದು ಮಾಮೂಲಿ. ಇಂಥ ವಿಮಾನದಲ್ಲಿ ಪೂರ್ತಿ ಕರೆಂಟ್ ಹೋದರೂ ಎಂಜಿನ್ ನಿಲ್ಲುವುದಿಲ್ಲ. ಮ್ಯಾಗ್ನೆಟೊ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನಿಲ್ಲುವುದು ಮಾತು. ಅದಕ್ಕೇ ಬ್ಯಾಗಿನಲ್ಲೊಂದು ಹ್ಯಾಂಡ್‌ಹೆಲ್ಡ್ ಇರಲಿ ಅನ್ನುವುದು. ಆದರೆ ಬ್ಯಾಗಿನಲ್ಲಿ ಇದ್ದರೆ ಸಾಕಾಗಲ್ಲ.

ಕಾನೂನಿನ ಮಾತು ಒಂದೇ ಸಲ ಹೇಳಿ ಮುಗಿಸುತ್ತೇನೆ. ವಿಮಾನದ ಬ್ಯಾಂಡಿನಲ್ಲಿ ಮಾತು ಕಳಿಸುವ ಸೆಟ್ಟಿಗೆ ಪರವಾನಗಿ ಬೇಕು, ಮಾತಾಡುವವರಿಗೆ ಆರ್‌ಟಿಆರ್, ಅಂದರೆ ರೇಡಿಯೊದಲ್ಲಿ ಮಾತಾಡುವ ಪರವಾನಗಿ, ಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ಇದಕ್ಕೆ ಆಗುವುದೇ ಇಲ್ಲ. ಅವು ಎಫ್‌ಎಂ ಪದ್ಧತಿಯವು. ವಿಮಾನದ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ, ಎಎಂ ಪದ್ಧತಿಯಲ್ಲಿ ನಡೆಯುತ್ತದೆ. ಅಂಥ ಕೆಲವು ಸೆಟ್ಟುಗಳಲ್ಲಿ ಈ ಬ್ಯಾಂಡ್ ಕೇಳಿಸುತ್ತದೆ ಅಷ್ಟೇ, ಕಳಿಸಲಿಕ್ಕೆ ಬರಲ್ಲ.

ಮೊದಲ ಪ್ರಶ್ನೆ: ನಿಜಕ್ಕೂ ಕೆಟ್ಟಿರುವುದು ಯಾವುದು?

ಆಕಾಶದಲ್ಲಿ ಮಾತು ನಿಂತ ಕೂಡಲೇ ಬ್ಯಾಗಿಗೆ ಕೈ ಹಾಕಬೇಡಿ. ಮೊದಲು ವಿಮಾನ ಹಾರಿಸಿ. ಎತ್ತರ, ದಿಕ್ಕು, ವೇಗ ಸರಿ ಇದೆಯಾ ನೋಡಿ. ಆಮೇಲೆ ಪ್ಯಾನಲ್ ರೇಡಿಯೊ, ಅಂದರೆ ವಿಮಾನದಲ್ಲೇ ಕೂರಿಸಿದ ರೇಡಿಯೊ, ಅದರ ಕಡೆ ಬನ್ನಿ.

ಅರ್ಧಕ್ಕರ್ಧ "ರೇಡಿಯೊ ಫೇಲ್" ನಿಜವಾಗಿ ಫೇಲ್ ಆಗಿರುವುದಿಲ್ಲ. ಮೊಣಕಾಲು ತಾಗಿ ಹೆಡ್‌ಸೆಟ್ ಪ್ಲಗ್ ಅರ್ಧ ಹೊರಗೆ ಬಂದಿರುತ್ತದೆ. ವಾಲ್ಯೂಮ್ ಸೊನ್ನೆಗೆ ತಿರುಗಿರುತ್ತದೆ. ಆಡಿಯೊ ಪ್ಯಾನಲ್‌ನಲ್ಲಿ ಕಾಮ್ ಒಂದರ (ಮೊದಲ ರೇಡಿಯೊದ) ಬದಲು ಕಾಮ್ ಎರಡು ಆಯ್ಕೆ ಆಗಿರುತ್ತದೆ. ಫ್ರೀಕ್ವೆನ್ಸಿಯ ಒಂದು ಅಂಕಿ ಹೆಚ್ಚುಕಮ್ಮಿ ಆಗಿರುತ್ತದೆ. ಇದಿಷ್ಟನ್ನೂ ಕೈಯಿಂದ ಮುಟ್ಟಿ ನೋಡಿ, ಕಣ್ಣಿಂದ ನೋಡಿದರೆ ಸಾಲದು. ಪ್ಲಗ್ ಅರ್ಧ ಹೊರಬಂದಿದ್ದರೂ ಕಣ್ಣಿಗೆ ಒಳಗೇ ಇದ್ದಂತೆ ಕಾಣುತ್ತದೆ, ಒತ್ತಿದರೆ ಟಕ್ ಅಂತ ಕೂರುತ್ತದೆ.

ಸ್ಕ್ವೆಲ್ಚ್, ಅಂದರೆ ಮಾತಿಲ್ಲದಾಗ ಶ್ಶ್ ಸದ್ದನ್ನು ತಡೆಯುವ ಗುಂಡಿ, ಅದನ್ನು ತೆರೆದು ನೋಡಿ. ಶ್ಶ್ ಅನ್ನುವ ಸದ್ದು ಬಂದರೆ ರಿಸೀವರಿನಿಂದ ಕಿವಿಯವರೆಗಿನ ದಾರಿ ಸರಿ ಇದೆ. ಆ ಸದ್ದೂ ಇಲ್ಲ ಅಂದರೆ ಪಕ್ಕದ ಸೀಟಿನ ಜಾಕಿಗೆ ಹೆಡ್‌ಸೆಟ್ ಬದಲಿಸಿ. ಕೈ ಮೈಕ್ ಮತ್ತು ಸ್ಪೀಕರ್ ಇದ್ದರೆ ಅದರಲ್ಲಿ ನೋಡಿ. ಸರ್ಕ್ಯೂಟ್ ಬ್ರೇಕರ್ ಹೊರಗೆ ಬಂದಿದ್ದರೆ ಆರಲು ಬಿಟ್ಟು ಒಂದೇ ಸಲ ಒಳಗೆ ಒತ್ತಿ. ಮತ್ತೆ ಬಂತು ಅಂದರೆ ಬಿಟ್ಟುಬಿಡಿ. ಅದನ್ನು ಬೆರಳಿನಿಂದ ಹಿಡಿದಿಟ್ಟು ರೇಡಿಯೊ ನಡೆಸುವುದು ಬೆಂಕಿಗೆ ದಾರಿ.

ಆಮೇಲೆ ಆಂಪಿಯರ್ ಮೀಟರ್, ಲೋ ವೋಲ್ಟ್ ದೀಪ. ದೀಪ ಉರಿಯುತ್ತಿದ್ದರೆ ಕೆಟ್ಟಿರುವುದು ರೇಡಿಯೊ ಅಲ್ಲ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್. ನೀವು ಬ್ಯಾಟರಿಯ ಮೇಲೆ ಓಡುತ್ತಿದ್ದೀರಿ. ಆಗ ಹ್ಯಾಂಡ್‌ಹೆಲ್ಡ್ ತೆಗೆಯಬೇಕಾದದ್ದು ಪ್ಯಾನಲ್ ಕತ್ತಲಾದ ಮೇಲಲ್ಲ, ಈಗಲೇ. ಬೇಡದ್ದನ್ನೆಲ್ಲ ಆರಿಸಿ. ಪ್ಯಾನಲ್ ರೇಡಿಯೊದಲ್ಲಿ ಟವರಿಗೆ ಒಂದು ಮಾತು ಹೇಳಿ: ಆಲ್ಟರ್ನೇಟರ್ ಹೋಗಿದೆ, ಇನ್ನು ಹ್ಯಾಂಡ್‌ಹೆಲ್ಡ್‌ನಲ್ಲಿ ಮಾತಾಡುತ್ತೇನೆ, ಅದು ನಿಂತರೆ ಹೀಗೆ ಹೀಗೆ ಬಂದು ಇಳಿಯುತ್ತೇನೆ. ಈ ಒಂದು ವಾಕ್ಯ ಮುಂಚೆಯೇ ಹೋಗಿದ್ದರೆ ಆಮೇಲಿನ ಅರ್ಧ ತಲೆನೋವು ಇಲ್ಲ. ಪ್ಯಾನಲ್ ರೇಡಿಯೊ ಕರೆಂಟ್ ಜಾಸ್ತಿ ಎಳೆಯುವುದು ಮಾತು ಕಳಿಸುವಾಗ. ಆ ಕೆಲಸ ಹ್ಯಾಂಡ್‌ಹೆಲ್ಡ್ ಮಾಡಿದರೆ ವಿಮಾನದ ಬ್ಯಾಟರಿ ಫ್ಲಾಪಿಗೆ (ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಪಟ್ಟಿಗೆ) ಉಳಿಯುತ್ತದೆ. ಫ್ಲಾಪ್ ಇಳಿಯಲಿಲ್ಲ ಅಂದರೂ ಗಾಬರಿ ಬೇಡ, ಕಲಬುರಗಿಯ ರನ್‌ವೇ 3,175 ಮೀಟರ್ ಉದ್ದ ಇದೆ.

ಸೆಟ್ ಆನ್ ಆಗುತ್ತದೆ, ಒತ್ತಿದ ಕೂಡಲೇ ಆಫ್

ಇದಕ್ಕೆ ಜಾಸ್ತಿ ಹುಡುಕಾಟ ಬೇಡ. ಬ್ಯಾಟರಿ. ಕೇಳಲಿಕ್ಕೆ ಬೇಕಾದ ಕರೆಂಟ್ ತೀರಾ ಕಮ್ಮಿ, ಕಳಿಸಲಿಕ್ಕೆ ಅದರ ಹಲವು ಪಟ್ಟು ಬೇಕು. ಹಳೇ ಬ್ಯಾಟರಿ ಕೇಳುವಾಗ ಮೂರು ಗೆರೆ ತೋರಿಸುತ್ತದೆ. ಪಿಟಿಟಿ (ಮಾತು ಕಳಿಸುವ) ಗುಂಡಿ ಒತ್ತಿದಾಗ ವೋಲ್ಟೇಜ್ ಕುಸಿದು ಸೆಟ್ ಕಣ್ಣು ಮುಚ್ಚುತ್ತದೆ. ಆದ್ದರಿಂದ ಬ್ಯಾಟರಿ ಪರೀಕ್ಷೆ ಅಂದರೆ ಪರದೆಯ ಗೆರೆ ಎಣಿಸುವುದಲ್ಲ, ಗುಂಡಿ ಒತ್ತಿ ಹಿಡಿದಾಗ ಗೆರೆ ಏನಾಗುತ್ತದೆ ಅಂತ ನೋಡುವುದು.

ನಮ್ಮ ಭಾಗದಲ್ಲಿ ಬ್ಯಾಟರಿಯ ದೊಡ್ಡ ಶತ್ರು ಬಿಸಿಲು. ಏಪ್ರಿಲ್, ಮೇನಲ್ಲಿ ಕಲಬುರಗಿ, ಯಾದಗಿರಿಯಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ಮುಚ್ಚಿ ನಿಲ್ಲಿಸಿದ ಕಾಕ್‌ಪಿಟ್ ಒಳಗೆ ಇನ್ನೂ ಜಾಸ್ತಿ. ಅಲ್ಲಿ ಲಿಥಿಯಂ ಬ್ಯಾಟರಿ ಬಿಟ್ಟು ಊಟಕ್ಕೆ ಹೋದರೆ ಅದರ ಆಯಸ್ಸು ಇಳಿಯುತ್ತಲೇ ಇರುತ್ತದೆ. ಸೆಟ್ ಇರಬೇಕಾದ ಜಾಗ ನಿಮ್ಮ ಬ್ಯಾಗು. ಗ್ಲೋವ್ ಬಾಕ್ಸಿನಲ್ಲಿ ಬಿಟ್ಟು ಬರಬೇಡಿ. ಬಿಸಿಲಿನಿಂದ ತಂದ ಬಿಸಿ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಬೇಡಿ, ಫ್ಯಾನ್ ಕೆಳಗೆ ಇಟ್ಟು ತಣಿಸಿ. ತಿಂಗಳುಗಟ್ಟಲೆ ಸುಮ್ನೆ ಇಡುವುದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ. ಹಾರುವ ದಿನ ಪೂರ್ತಿ ತುಂಬಿಸಿ.

ಕೆಲವು ಸೆಟ್ಟಿಗೆ ಮಾಮೂಲಿ ಪೆನ್ ಸೆಲ್ ಹಾಕುವ ಟ್ರೇ ಬರುತ್ತದೆ. ಬದಲಿಗೂ ಬದಲಿ ಅಂತ ಅದು ಒಳ್ಳೆಯದು, ಯಾವ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಆದರೆ ಟ್ರೇಯ ಸ್ಪ್ರಿಂಗು ನೋಡಿ. ಹಳೇ ಸೆಲ್ ಸೋರಿ ಬಿಳಿ ಪುಡಿ ಕೂತಿದ್ದರೆ ಹೊಸ ಸೆಲ್ ಹಾಕಿದರೂ ಅದೇ ಕಥೆ. ಸೆಲ್ ಟ್ರೇ ಹಾಕಿದಾಗ ಕೆಲವು ಸೆಟ್ಟುಗಳ ಪವರ್ ಇಳಿಯುತ್ತದೆ ಅನ್ನುವುದೂ ನೆನಪಿರಲಿ.

ಸಿಗರೇಟ್ ಲೈಟರ್ ಜಾಕಿನಿಂದ ಸೆಟ್ ನಡೆಸೋಣ ಅನ್ನುವವರಿಗೆ ಎರಡು ಮಾತು. ಕಾರಿನದು 12 ವೋಲ್ಟ್. ಸೆಸ್ನಾ 172ರಂಥ ಬಹಳಷ್ಟು ವಿಮಾನಗಳದು 28 ವೋಲ್ಟ್ ವ್ಯವಸ್ಥೆ. ಕಾರಿನ ಅಡಾಪ್ಟರ್ ಹಾಕಿದರೆ ಸೆಟ್ ಸುಟ್ಟು ಕೂರಬಹುದು. ಮತ್ತೆ, ವಿಮಾನದ ಕರೆಂಟ್ ಹೋದಾಗಲೇ ಅಲ್ವಾ ನಮಗೆ ಈ ಸೆಟ್ ಬೇಕಾಗುವುದು?

ಏನೂ ಕೇಳಿಸುತ್ತಿಲ್ಲ

ಪರದೆಯ ಮೂಲೆಯಲ್ಲಿ ಬೀಗದ ಗುರುತು ಇದೆಯಾ ನೋಡಿ. ಬ್ಯಾಗಿನಲ್ಲಿ ಗುಂಡಿಗಳು ಒತ್ತಿಕೊಳ್ಳಬಾರದು ಅಂತ ಲಾಕ್ ಹಾಕಿರುತ್ತೇವೆ, ತೆಗೆಯುವುದು ಹೇಗೆ ಅಂತ ಬೇಕಾದ ಹೊತ್ತಿಗೆ ನೆನಪಾಗಲ್ಲ. ಸೆಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿ: ಲಾಕ್ ತೆಗೆಯುವ ಗುಂಡಿ, ಟವರ್ ಫ್ರೀಕ್ವೆನ್ಸಿ, ತುರ್ತಿನ ಫ್ರೀಕ್ವೆನ್ಸಿ 121.5. ಮೂರೇ ಸಾಲು. ಚಾನಲ್ ಅಂತರದ ಆಯ್ಕೆ ಇದ್ದರೆ 25 ಕಿಲೊಹರ್ಟ್ಸ್‌ನಲ್ಲಿ ಇರಲಿ. 8.33 ಯೂರೋಪಿನ ಪದ್ಧತಿ, ಅದರಲ್ಲಿ ಅಂಕಿ ಒತ್ತುವ ರೀತಿಯೇ ಬೇರೆ.

ಸ್ಕ್ವೆಲ್ಚ್ ಪೂರ್ತಿ ಬಿಗಿ ಮಾಡಿದ್ದರೆ ದೂರದ ಸಣ್ಣ ಮಾತು ಒಳಗೆ ಬರುವುದಿಲ್ಲ. ತೆರೆದು ಶ್ಶ್ ಕೇಳಿ, ಆ ಸದ್ದು ನಿಲ್ಲುವವರೆಗೆ ಮಾತ್ರ ಬಿಗಿ ಮಾಡಿ.

ಹೆಡ್‌ಸೆಟ್ ಅಡಾಪ್ಟರ್ ಸಿಕ್ಕಿಸಿದ ಕೂಡಲೇ ಸೆಟ್ಟಿನ ಸ್ಪೀಕರ್ ಬಂದ್ ಆಗುತ್ತದೆ. ಅಡಾಪ್ಟರ್ ಸಿಕ್ಕಿಸಿ, ಅದಕ್ಕೆ ಹೆಡ್‌ಸೆಟ್ ಸಿಕ್ಕಿಸದೆ ಕೂತರೆ ಏನೂ ಕೇಳದು. ಅಡಾಪ್ಟರ್ ಇಲ್ಲದೆ ಸ್ಪೀಕರಿನಲ್ಲೇ ಕೇಳುತ್ತೇನೆ ಅಂದರೂ ಆಗಲ್ಲ. ಸಣ್ಣ ವಿಮಾನದ ಒಳಗೆ ಸದ್ದು 90 ಡೆಸಿಬಲ್ ಆಸುಪಾಸು ಇರುತ್ತದೆ. ನೆಲದ ಮೇಲೆ ಖಣಖಣ ಅನ್ನುತ್ತಿದ್ದ ಸ್ಪೀಕರ್ ಅಲ್ಲಿ ತುಟಿ ಆಡಿಸಿದಂತೆ ಇರುತ್ತದೆ. ಅಡಾಪ್ಟರ್ ಸಿಗದಿದ್ದರೆ ಒಂದು ದಾರಿ ಇದೆ. ಸೆಟ್ಟಿಗೆ ಹೊಂದುವ ಸಣ್ಣ ಇಯರ್‌ಫೋನ್ ಒಂದನ್ನು ಕಿವಿಗೆ ಹಾಕಿ, ಅದರ ಮೇಲೆ ಹೆಡ್‌ಸೆಟ್ ಹಾಕಿಕೊಳ್ಳಿ. ಕೇಳುವುದು ಇಯರ್‌ಫೋನಿನಲ್ಲಿ, ಮಾತಾಡುವುದು ಸೆಟ್ಟಿನದೇ ಮೈಕಿನಲ್ಲಿ, ತುಟಿಗೆ ಹತ್ತಿಸಿ ಹಿಡಿದು. ನೋಡಲಿಕ್ಕೆ ಚೆನ್ನಾಗಿರಲ್ಲ, ಕೆಲಸ ಆಗುತ್ತದೆ.

ಕೇಳುತ್ತದೆ, ಆದರೆ ಹೋಗುತ್ತಿಲ್ಲ

ಈಗ ಮುಖ್ಯ ವಿಷಯ. ಕೇಳುತ್ತದೆ ಅಂದಮೇಲೆ ಆಂಟೆನಾ ಸರಿ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಪ್ಪು ಲೆಕ್ಕ. ಟವರಿನ ರೇಡಿಯೊ ಶಕ್ತಿ ನಿಮ್ಮದಕ್ಕಿಂತ ಎಷ್ಟೋ ಜಾಸ್ತಿ, ಆಂಟೆನಾ ಎತ್ತರದಲ್ಲಿ, ಬಯಲಿನಲ್ಲಿ ಇದೆ. ಮುರಿದ ತಂತಿಯಲ್ಲೂ ಅದರ ಮಾತು ನಿಮಗೆ ಕೇಳುತ್ತದೆ. ನಿಮ್ಮ ಮಾತು ವಾಪಸ್ ಹೋಗಬೇಕಾದರೆ ಮಾತ್ರ ಎಲ್ಲವೂ ಸರಿ ಇರಬೇಕು.

ಸೆಟ್ಟಿನ ಡಬ್ಬಿ ಮೇಲೆ 5 ಅಥವಾ 6 ವ್ಯಾಟ್ ಅಂತ ಬರೆದಿರುತ್ತದೆ. ಅದು ಮಾತು ಅತಿ ಜೋರಾದ ಕ್ಷಣದಲ್ಲಿ ಬರುವ ಅಳತೆ. ಕ್ಯಾರಿಯರ್, ಅಂದರೆ ಮಾತನ್ನು ಹೊತ್ತುಕೊಂಡು ಹೋಗುವ ಅಲೆ, ಒಂದೂವರೆ ವ್ಯಾಟಿನ ಆಸುಪಾಸು. ಇಷ್ಟು ಶಕ್ತಿಯನ್ನು ಲೋಹದ ಡಬ್ಬಿಯಂಥ ಕ್ಯಾಬಿನ್ ಒಳಗೆ ಕೂತು, ಗೇಣುದ್ದದ ರಬ್ಬರ್ ಆಂಟೆನಾದಿಂದ ಹೊರಗೆ ಕಳಿಸಬೇಕು. 127 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆಯ ಉದ್ದ ಸುಮಾರು 59 ಸೆಂಟಿಮೀಟರ್. ರಬ್ಬರ್ ಒಳಗೆ ಅದನ್ನು ಸುರುಳಿ ಸುತ್ತಿ ಗಿಡ್ಡ ಮಾಡಿರುತ್ತಾರೆ. ಗಿಡ್ಡ ಮಾಡಿದಷ್ಟೂ ನಷ್ಟ.

ಹುಡುಕುವ ಕ್ರಮ ಹೀಗಿರಲಿ. ಇನ್ನೊಂದು ಸೆಟ್ ಕೊಟ್ಟು ಒಬ್ಬರನ್ನು ನೂರು ಮೀಟರ್ ದೂರ ನಿಲ್ಲಿಸಿ. ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡಬೇಡಿ. ಅಷ್ಟು ಹತ್ತಿರದಲ್ಲಿ ರಿಸೀವರ್ ಉಸಿರುಗಟ್ಟಿ ಒಳ್ಳೆ ಸೆಟ್ಟೂ ಕೆಟ್ಟದಾಗಿ ಕೇಳುತ್ತದೆ. ಅವರ ಸೆಟ್ಟಿನಲ್ಲಿ ಸ್ಕ್ವೆಲ್ಚ್ ಪೂರ್ತಿ ತೆರೆದಿರಲಿ, ಶ್ಶ್ ಸದ್ದು ಬರುತ್ತಿರಲಿ. ಈಗ ನೀವು ಮಾತಾಡದೆ ಗುಂಡಿ ಒತ್ತಿ. ಕೇಳುವವರು ಒಂದೇ ವಿಷಯ ಹೇಳಬೇಕು: ಶ್ಶ್ ನಿಂತಿತಾ?

ನಿಂತರೆ ನಿಮ್ಮ ಕ್ಯಾರಿಯರ್ ಹೋಗುತ್ತಿದೆ. ಆಂಟೆನಾ, ಬ್ಯಾಟರಿ, ಫ್ರೀಕ್ವೆನ್ಸಿ ಮೂರೂ ಅಷ್ಟರಮಟ್ಟಿಗೆ ಸರಿ. ಈಗ ಮಾತಾಡಿ. ಮಾತು ಬರಲಿಲ್ಲ ಅಂದರೆ ದೋಷ ಮೈಕಿನ ಕಡೆ. ಶ್ಶ್ ನಿಲ್ಲಲೇ ಇಲ್ಲ ಅಂದರೆ ದೋಷ ಕಳಿಸುವ ಕಡೆ. ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಏನನ್ನೂ ಬಿಚ್ಚಬೇಡಿ. ಹಾಗೇ, ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಆಂಟೆನಾ, ಹೆಡ್‌ಸೆಟ್, ಬ್ಯಾಟರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿ ಹೋಗಬಹುದು, ಯಾವುದರಿಂದ ಅಂತ ತಿಳಿಯಲ್ಲ.

ಈ ಪರೀಕ್ಷೆ 121.5ರಲ್ಲಿ ಬೇಡ. ಅದು ತುರ್ತಿನ ದಾರಿ, ಎಲ್ಲರೂ ಕಿವಿ ಇಟ್ಟಿರುತ್ತಾರೆ. ಟವರಿನವರ ಒಪ್ಪಿಗೆ ಕೇಳಿ, ಅವರು ಹೇಳಿದ ಫ್ರೀಕ್ವೆನ್ಸಿಯಲ್ಲಿ, ಅವರ ಕೆಲಸ ಕಮ್ಮಿ ಇರುವ ಹೊತ್ತಿನಲ್ಲಿ ಮಾಡಿ. ಪರೀಕ್ಷೆಯ ಮಾತು ಹತ್ತು ಸೆಕೆಂಡ್ ದಾಟಬಾರದು. ಟವರ್ ಒಂದರಿಂದ ಐದರವರೆಗೆ ಅಂಕ ಕೊಡುತ್ತದೆ. ಐದು ಅಂದರೆ ಸ್ವಚ್ಛ, ಮೂರು ಅಂದರೆ ಕಷ್ಟಪಟ್ಟು ತಿಳಿಯುತ್ತದೆ, ಒಂದು ಅಂದರೆ ಏನೂ ತಿಳಿಯುವುದಿಲ್ಲ. ನೆಲದ ಮೇಲೆ ಟವರ್ ಕಣ್ಣೆದುರೇ ಇರುವಾಗ ಮೂರು ಬಂದರೆ ಆ ಸೆಟ್ಟನ್ನು ನಂಬಿ ಹಾರಬೇಡಿ.

ಕ್ಯಾರಿಯರ್ ಹೋಗದಿದ್ದರೆ

ಆಂಟೆನಾ ಬುಡದ ಬಿಎನ್‌ಸಿ ಕನೆಕ್ಟರ್ ಬಿಚ್ಚಿ ನಡುವಿನ ಪಿನ್ನು ನೋಡಿ. ನಮ್ಮ ಕರಿಮಣ್ಣಿನ ದೂಳು ಎಲ್ಲಿಗೂ ನುಗ್ಗುತ್ತದೆ. ಪಿನ್ನು ಒಳಗೆ ಸರಿದಿದ್ದರೆ ಕನೆಕ್ಟರ್ ಗಟ್ಟಿಯಾಗಿ ಕೂತಂತೆ ಕಂಡರೂ ನಡುವೆ ಸಂಪರ್ಕ ಇರುವುದಿಲ್ಲ. ಇಂಥದ್ದನ್ನು ಮೇಲಿಂದ ಕಂಡುಹಿಡಿಯಲು ಆಗಲ್ಲ. ರಬ್ಬರನ್ನು ಬುಡದಲ್ಲಿ ಮೆಲ್ಲಗೆ ಬಗ್ಗಿಸುತ್ತಾ ಶ್ಶ್ ಪರೀಕ್ಷೆ ಮತ್ತೆ ಮಾಡಿ. ಬಂದು ಹೋಗಿ ಮಾಡಿದರೆ ಆಂಟೆನಾ ಬದಲಿಸಿ, ರಿಪೇರಿ ಬೇಡ.

ಹೊರಗಿನ ಆಂಟೆನಾಗೆ ಕೇಬಲ್ ಹಾಕಿದ್ದರೆ ಹುಡುಕುವ ಜಾಗ ಜಾಸ್ತಿಯಾಗುತ್ತದೆ. ಕೇಬಲ್ಲಿನ ಎರಡೂ ತುದಿ ಬಿಚ್ಚಿ ಮಲ್ಟಿಮೀಟರ್ ಇಡಿ. ನಡುಪಿನ್ನಿನಿಂದ ನಡುಪಿನ್ನಿಗೆ ಬೀಪ್ ಬರಬೇಕು. ನಡುಪಿನ್ನಿನಿಂದ ಹೊರಕವಚಕ್ಕೆ ಬೀಪ್ ಬರಬಾರದು. ಆಂಟೆನಾ ಸಿಕ್ಕಿಸಿಯೇ ಅಳೆದರೆ ಮೋಸ ಹೋಗುತ್ತೀರಿ. ಕೆಲವು ಆಂಟೆನಾಗಳಲ್ಲಿ ಒಳಗೇ ಶಾರ್ಟ್ ಇದ್ದಂತೆ ತೋರಿಸುತ್ತದೆ, ಅದು ದೋಷ ಅಲ್ಲ. ಮಲ್ಟಿಮೀಟರ್ ತಂತಿ ತುಂಡಾಗಿದೆಯಾ ಅಂತ ಮಾತ್ರ ಹೇಳುತ್ತದೆ. ಅಲೆ ಎಷ್ಟು ವಾಪಸ್ ಬರುತ್ತಿದೆ ಅಂತ ತಿಳಿಯಲು ಎಸ್‌ಡಬ್ಲ್ಯೂಆರ್ ಮೀಟರ್ ಬೇಕು, ಅದೂ ಈ ಬ್ಯಾಂಡಿನದ್ದೇ. ಎರಡಕ್ಕಿಂತ ಕೆಳಗೆ ಇದ್ದರೆ ಪರವಾಗಿಲ್ಲ, ಹೆಚ್ಚೆಂದರೆ ನೂರಕ್ಕೆ 11 ಪಾಲು ವಾಪಸ್ ಬರುತ್ತದೆ ಅಷ್ಟೇ. ಮೂರಾದರೆ ಕಾಲು ಪಾಲು ವಾಪಸ್. ಮೊದಲೇ ಒಂದೂವರೆ ವ್ಯಾಟ್, ಅದರಲ್ಲಿ ಕಾಲು ಪಾಲು ಕಳೆದುಕೊಳ್ಳುವ ಸ್ಥಿತಿ ನಮ್ಮದಲ್ಲ.

ಕೆಲವು ವಿಮಾನಗಳಲ್ಲಿ ಪ್ಯಾನಲ್ ರೇಡಿಯೊದ ಆಂಟೆನಾ ದಾರಿಯಲ್ಲೇ ಒಂದು ಜಾಕ್ ಕೊಟ್ಟಿರುತ್ತಾರೆ. ಹ್ಯಾಂಡ್‌ಹೆಲ್ಡ್ ಸಿಕ್ಕಿಸಿದರೆ ಪ್ಯಾನಲ್ ರೇಡಿಯೊ ಕಡಿದು ಹೋಗಿ ಇದು ಸೇರಿಕೊಳ್ಳುತ್ತದೆ. ಬೆಲೆ ಬಾಳುವ ವ್ಯವಸ್ಥೆ ಇದು, ಏಕೆಂದರೆ ಛಾವಣಿಯ ಮೇಲಿನ ನಿಜವಾದ ಆಂಟೆನಾ ಸಿಗುತ್ತದೆ. ಅದರ ದೋಷವೂ ಅಲ್ಲೇ. ಜಾಕ್ ಒಳಗಿನ ಸ್ಪ್ರಿಂಗ್ ಸವೆದರೆ ಹ್ಯಾಂಡ್‌ಹೆಲ್ಡ್ ತೆಗೆದ ಮೇಲೂ ಪ್ಯಾನಲ್ ರೇಡಿಯೊ ವಾಪಸ್ ಸೇರುವುದಿಲ್ಲ. ಪ್ಯಾನಲ್ ರೇಡಿಯೊ ಇದ್ದಕ್ಕಿದ್ದಂತೆ ಮೆತ್ತಗಾದರೆ ಈ ಜಾಕಿಗೆ ಒಮ್ಮೆ ಪ್ಲಗ್ ಹಾಕಿ ತೆಗೆದು ನೋಡಿ. ಹೊಸದಾಗಿ ಇಂಥ ಜಾಕ್ ಕೂರಿಸುವುದು ಪರವಾನಗಿ ಇರುವ ಎಂಜಿನಿಯರ್ ಕೆಲಸ, ಅನುಮತಿ ಪತ್ರದ ಸಮೇತ. ಸಿಟಿಯ ಟಿವಿ ರಿಪೇರಿ ಅಂಗಡಿಯವರ ಕೈಲಿ ಮಾಡಿಸುವುದಲ್ಲ.

ರಬ್ಬರ್ ಆಂಟೆನಾ ಒಂದೇ ಗತಿ ಅಂದರೆ ಹಿಡಿಯುವ ರೀತಿ ಮುಖ್ಯ. ಸೆಟ್ಟನ್ನು ಸೀಟಿನ ಮೇಲೆ ಮಲಗಿಸಬೇಡಿ. ವಿಮಾನದ ರೇಡಿಯೊ ಅಲೆ ಮೇಲೆ ಕೆಳಗೆ ಆಡುವ ಅಲೆ, ಆಂಟೆನಾನೂ ನೆಟ್ಟಗೆ ನಿಲ್ಲಬೇಕು. ಕೈಯಲ್ಲಿ ಹಿಡಿಯಿರಿ, ಕೈಯೂ ಆಂಟೆನಾಗೆ ಒಂದು ಆಸರೆ. ಕಿಟಕಿ ಗಾಜಿನ ಹತ್ತಿರ ತನ್ನಿ. ಟವರ್ ನಿಮ್ಮ ಬಲಕ್ಕಿದ್ದು ನೀವು ಎಡ ಕಿಟಕಿಯಲ್ಲಿ ಹಿಡಿದಿದ್ದರೆ ನಡುವೆ ಇಡೀ ವಿಮಾನದ ಲೋಹ ಅಡ್ಡ ಬರುತ್ತದೆ. ವಿಮಾನವನ್ನೇ ಸ್ವಲ್ಪ ತಿರುಗಿಸಿ, ನಿಮ್ಮ ಕಿಟಕಿ ಟವರ್ ಕಡೆ ಬರಲಿ. ಇಷ್ಟರಿಂದಲೇ ಸತ್ತ ಮಾತು ಜೀವ ಪಡೆಯುತ್ತದೆ. ಕಾರ್ಬನ್ ಫೈಬರ್ ಮೈಯೂ ಲೋಹದ ಹಾಗೇ ಅಡ್ಡಿ ಮಾಡುತ್ತದೆ. ಗಾಜಿನ ನಾರಿನ ಮೈ ಅಷ್ಟು ಅಡ್ಡಿ ಮಾಡಲ್ಲ.

ಎತ್ತರದ ಲೆಕ್ಕವೂ ತಿಳಿದಿರಲಿ. ಈ ಅಲೆ ನೇರ ಹೋಗುತ್ತದೆ, ನೆಲದ ಬಾಗು ಬಂದರೆ ನಿಂತಿತು. ನಿಮ್ಮ ಎತ್ತರ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ ದೂರ ಸಿಗುತ್ತದೆ. ನೆಲದಿಂದ 2,500 ಅಡಿ ಮೇಲಿದ್ದರೆ 61. ಯಾದಗಿರಿ ಮೇಲೆ ಆ ಎತ್ತರದಲ್ಲಿ ಇರುವಾಗ ಕಲಬುರಗಿ ಟವರ್ ಈ ಲೆಕ್ಕದ ಒಳಗೇ ಬರುತ್ತದೆ, ಗಾಳಿದಾರಿಯಲ್ಲಿ ಹೆಚ್ಚುಕಮ್ಮಿ 34 ನಾಟಿಕಲ್ ಮೈಲಿ. ಪ್ಯಾನಲ್ ರೇಡಿಯೊಗೆ ಅದು ಆಟ. ಕ್ಯಾಬಿನ್ ಒಳಗಿನ ಹ್ಯಾಂಡ್‌ಹೆಲ್ಡಿಗೆ ಅಲ್ಲ. ಹತ್ತು ನಾಟಿಕಲ್ ಮೈಲಿ ಒಳಗೆ ಬರುವವರೆಗೆ ನಾನಾದರೆ ಅದನ್ನು ನಂಬುವುದಿಲ್ಲ. ಆದ್ದರಿಂದ ಭೀಮಾ ನದಿ ಮೇಲೆ ಉತ್ತರ ಬರಲಿಲ್ಲ ಅಂತ ಸೆಟ್ ತಟ್ಟುತ್ತಾ ಕೂರಬೇಡಿ. ವಾಡಿ ಜಂಕ್ಷನ್ ದಾಟಿ ಹತ್ತಿರ ಬಂದ ಮೇಲೆ ಮತ್ತೆ ಕರೆಯಿರಿ.

ಕ್ಯಾರಿಯರ್ ಹೋಗುತ್ತದೆ, ಮಾತು ಹೋಗಲ್ಲ

ಇಲ್ಲಿ ಅಪರಾಧಿ ಹೆಚ್ಚಾಗಿ ಅಡಾಪ್ಟರ್. ವಿಮಾನದ ಹೆಡ್‌ಸೆಟ್‌ಗೆ ಎರಡು ಪ್ಲಗ್, ಕಿವಿಯದು ದಪ್ಪ, ಮೈಕಿನದು ಸ್ವಲ್ಪ ಸಣ್ಣ. ಮೈಕಿನ ಪ್ಲಗ್ ಪೂರ್ತಿ ಒಳಗೆ ಕೂರದಿದ್ದರೆ ಇದೇ ಲಕ್ಷಣ. ಪ್ಯಾನಲಿನಿಂದ ಕರೆಂಟ್ ಪಡೆಯುವ, ಒಂದೇ ದುಂಡು ಪ್ಲಗ್ಗಿನ ಹೆಡ್‌ಸೆಟ್ ಇಟ್ಟುಕೊಂಡವರಿಗೆ ಈ ಅಡಾಪ್ಟರ್ ಹೊಂದುವುದೇ ಇಲ್ಲ. ಅವರು ಮಾಮೂಲಿ ಎರಡು ಪ್ಲಗ್ಗಿನ ಹಳೇ ಹೆಡ್‌ಸೆಟ್ ಒಂದನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಳ್ಳುವುದು ಲೇಸು.

ಅಡಾಪ್ಟರಿನಲ್ಲಿ ಇನ್ನೊಂದು ತಿರುವು ಇದೆ. ಮೈಕಿಗೆ ರೇಡಿಯೊದಿಂದಲೇ ಸ್ವಲ್ಪ ಕರೆಂಟ್ ಹೋಗಬೇಕು. ಒಂದು ಕಂಪನಿಯ ಅಡಾಪ್ಟರ್ ಇನ್ನೊಂದು ಕಂಪನಿಯ ಸೆಟ್ಟಿಗೆ ಸರಿಯಾಗಿ ಕೂತರೂ ಒಳಗಿನ ತಂತಿ ಜೋಡಣೆ ಬೇರೆ ಇರಬಹುದು. ಕೇಳುತ್ತದೆ, ಗುಂಡಿ ಒತ್ತಿದರೆ ಕೆಂಪು ದೀಪವೂ ಬರುತ್ತದೆ, ಮೈಕ್ ಮಾತ್ರ ಸತ್ತಿರುತ್ತದೆ. ಪರೀಕ್ಷೆ ಸುಲಭ. ಅಡಾಪ್ಟರ್ ಕಿತ್ತು ಸೆಟ್ಟಿನ ಸ್ವಂತ ಮೈಕಿನಲ್ಲಿ ಮಾತಾಡಿ. ಮಾತು ಹೋದರೆ ಸೆಟ್ ಸರಿ.

ಮತ್ತೆ, ಯಾವ ಗುಂಡಿ ಒತ್ತುತ್ತಿದ್ದೀರಿ? ಅಭ್ಯಾಸಬಲ, ಬೆರಳು ಯೋಕ್ (ವಿಮಾನ ತಿರುಗಿಸುವ ಹಿಡಿ) ಮೇಲಿನ ಗುಂಡಿಗೇ ಹೋಗುತ್ತದೆ. ಆ ಗುಂಡಿಗೂ ಹ್ಯಾಂಡ್‌ಹೆಲ್ಡಿಗೂ ಸಂಬಂಧವೇ ಇಲ್ಲ. ಕಿವಿಯಲ್ಲಿ ನಿಮ್ಮ ಧ್ವನಿ ಕೇಳದಿದ್ದರೆ ಅದೂ ದೋಷ ಅಂತ ಅಂದುಕೊಳ್ಳಬೇಡಿ. ಪ್ಯಾನಲ್ ರೇಡಿಯೊದಲ್ಲಿ ಸೈಡ್‌ಟೋನ್ ಸದಾ ಇರುತ್ತದೆ. ಹ್ಯಾಂಡ್‌ಹೆಲ್ಡಿನಲ್ಲಿ ಅದನ್ನು ಮೆನುವಿನಲ್ಲಿ ಆನ್ ಮಾಡಬೇಕಾಗಬಹುದು, ಇಲ್ಲವೇ ಹೆಡ್‌ಸೆಟ್ ಹಾಕಿದಾಗ ಮಾತ್ರ ಬರಬಹುದು. ವಾಕ್ಸ್, ಅಂದರೆ ಮಾತಾಡಿದರೆ ತಾನೇ ಆನ್ ಆಗುವ ಸೌಲಭ್ಯ, ಅದನ್ನು ಮೊದಲು ಬಂದ್ ಮಾಡಿ. ಎಂಜಿನ್ ಸದ್ದನ್ನೇ ಅದು ಮಾತು ಅಂದುಕೊಂಡು ಫ್ರೀಕ್ವೆನ್ಸಿ ಪೂರ್ತಿ ಕಟ್ಟಿಹಾಕುತ್ತದೆ.

ಮೈಕ್ ನಿಜಕ್ಕೂ ಸತ್ತು ಕ್ಯಾರಿಯರ್ ಮಾತ್ರ ಹೋಗುತ್ತಿದ್ದರೂ ನೀವು ಪೂರ್ತಿ ಮೂಕರಲ್ಲ. ಟವರಿನಲ್ಲಿ ಕೂತವರಿಗೆ ಯಾರೋ ಗುಂಡಿ ಒತ್ತುತ್ತಿದ್ದಾರೆ ಅಂತ ತಿಳಿಯುತ್ತದೆ. ಅವರು ಹೌದು, ಅಲ್ಲ ಅನ್ನುವ ಪ್ರಶ್ನೆ ಕೇಳಿ, ಗುಂಡಿ ಒತ್ತಿ ಉತ್ತರ ಕೊಡಿ ಅನ್ನಬಹುದು, ರೇಡಾರಿಗೆ ನಿಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನ ಐಡೆಂಟ್ ಗುಂಡಿ ಒತ್ತಲು ಹೇಳಬಹುದು, ಇಲ್ಲವೇ ಒಂದು ತಿರುವು ತಗೊಳ್ಳಿ ಅನ್ನಬಹುದು. ಹೇಳಿದ್ದನ್ನು ಮಾಡಿದರೆ ನಿಮಗೆ ಕೇಳುತ್ತಿದೆ ಅಂತ ಅವರಿಗೆ ಖಾತ್ರಿ.

ಹೋಗುತ್ತದೆ, ಆದರೆ ತಿಳಿಯಲ್ಲ

ಕೂಗಬೇಡಿ. ಕೂಗಿದರೆ ಧ್ವನಿ ಒಡೆಯುತ್ತದೆ ಹೊರತು ದೂರ ಹೋಗಲ್ಲ. ಮೈಕ್ ತುಟಿಗೆ ತಾಗುವಷ್ಟು ಹತ್ತಿರ, ಮಾಮೂಲಿ ದನಿ.

ಸೊಂಯ್ ಅಂತ ಕೀರಲು ಸದ್ದು ಮಾತಿನ ಜೊತೆ ಹೋಗುತ್ತಿದ್ದರೆ ರಬ್ಬರ್ ಆಂಟೆನಾ ಹೆಡ್‌ಸೆಟ್ ತಂತಿಗೆ ತೀರಾ ಹತ್ತಿರ ಇದೆ. ನಿಮ್ಮದೇ ಅಲೆ ಮೈಕಿನ ತಂತಿಗೆ ನುಗ್ಗುತ್ತಿದೆ. ಸೆಟ್ ದೂರ ಹಿಡಿಯಿರಿ, ತಂತಿಗೆ ಫೆರೈಟ್ ಬಳೆ ಹಾಕಿ.

ಕರಕರ ಸದ್ದು ಸದಾ ಕೇಳುತ್ತಿದ್ದರೆ, ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಲೈಟರ್ ಜಾಕಿಗೆ ಹಾಕುವ ಅಗ್ಗದ ಯುಎಸ್‌ಬಿ ಚಾರ್ಜರುಗಳು ಈ ಬ್ಯಾಂಡಿನಲ್ಲಿ ಸಿಕ್ಕಾಪಟ್ಟೆ ಗದ್ದಲ ಎಬ್ಬಿಸುತ್ತವೆ. ಆಮೇಲೆ ಎಲ್‌ಇಡಿ ದೀಪ. ಒಂದೊಂದೇ ಆರಿಸುತ್ತಾ ಬಂದರೆ ಕಳ್ಳ ಸಿಗುತ್ತಾನೆ. ಎಲ್ಲ ಪರೀಕ್ಷೆಯನ್ನೂ ಕೊನೆಗೆ ಒಮ್ಮೆ ಎಂಜಿನ್ ಓಡುತ್ತಿರುವಾಗ ಮಾಡಿ. ಹ್ಯಾಂಗರ್ ನೆರಳಿನಲ್ಲಿ ಪಾಸಾದ ಸೆಟ್ ಅಲ್ಲಿ ಫೇಲ್ ಆಗುವುದುಂಟು.

ಗುಂಡಿ ಸಿಕ್ಕಿಕೊಂಡರೆ

ನಿಮಗೆ ಇದ್ದಕ್ಕಿದ್ದಂತೆ ಯಾರ ಮಾತೂ ಕೇಳುತ್ತಿಲ್ಲ, ಕೆಂಪು ದೀಪ ಆರುತ್ತಿಲ್ಲ. ಅಂದರೆ ನೀವೇ ಫ್ರೀಕ್ವೆನ್ಸಿ ಹಿಡಿದು ಕೂತಿದ್ದೀರಿ, ಕಾಕ್‌ಪಿಟ್ ಒಳಗಿನ ಹರಟೆಯೆಲ್ಲ ಊರಿಗೇ ಕೇಳುತ್ತಿದೆ. ಪ್ಯಾನಲ್ ರೇಡಿಯೊ ಆದರೆ ಮೈಕಿನ ಪ್ಲಗ್ ಕೀಳಿ. ಮಾತು ನಿಲ್ಲಬಹುದು, ಗುಂಡಿ ಬಿಡದಿದ್ದರೆ ಕ್ಯಾರಿಯರ್ ನಿಲ್ಲದೆಯೂ ಇರಬಹುದು. ಆಗ ಆ ರೇಡಿಯೊ ಆರಿಸಿ. ಹ್ಯಾಂಡ್‌ಹೆಲ್ಡ್ ಆದರೆ ಆಫ್ ಮಾಡಿ, ಅಡಾಪ್ಟರ್ ತೆಗೆದು ಮತ್ತೆ ಆನ್ ಮಾಡಿ.

ಏನು ಮಾಡಿದರೂ ಮಾತು ಹತ್ತದಿದ್ದರೆ

ಆಕಾಶದಲ್ಲಿ ರಿಪೇರಿಗೆ ಒಂದು ಮಿತಿ ಹಾಕಿಕೊಳ್ಳಿ. ಪ್ಯಾನಲ್ ರೇಡಿಯೊ ಮಾತ್ರ ಹೋಗಿದ್ದರೆ ಟ್ರಾನ್ಸ್‌ಪಾಂಡರಿನಲ್ಲಿ ರೇಡಿಯೊ ಕೆಟ್ಟಿದೆ ಅನ್ನುವ ಅಂಕಿ 7600 ಹಾಕಿ. ಪೂರ್ತಿ ಕರೆಂಟ್ ಹೋಗಿದ್ದರೆ ಟ್ರಾನ್ಸ್‌ಪಾಂಡರೂ ಸತ್ತಿದೆ, ಅಂಕಿ ತಿರುಗಿಸಿ ಪ್ರಯೋಜನ ಇಲ್ಲ. ಹ್ಯಾಂಡ್‌ಹೆಲ್ಡಿನಲ್ಲಿ ಉತ್ತರ ಬರಲಿ ಬಿಡಲಿ, ನೀವು ಎಲ್ಲಿದ್ದೀರಿ, ಏನು ಮಾಡುತ್ತೀರಿ ಅಂತ ಹೇಳುತ್ತಲೇ ಇರಿ. ಅವರಿಗೆ ಕೇಳುತ್ತಿರಬಹುದು. ನೆಲ ಕಾಣುವ ಹವೆಯಲ್ಲೇ ಉಳಿದು, ಹತ್ತಿರದ ತಕ್ಕ ನಿಲ್ದಾಣದಲ್ಲಿ ಇಳಿಯಿರಿ.

ಮಾತು ಸತ್ತಿರುವಾಗ ಸುಮ್ನೆ ಬೀದರ್ ಕಡೆ ಮುಖ ಮಾಡಬೇಡಿ. ಅದು ವಾಯುಪಡೆಯ ನಿಲ್ದಾಣ, ಯುದ್ಧ ವಿಮಾನದ ಪೈಲಟ್‌ಗಳು ತರಬೇತಿ ಪಡೆಯುವ ಜಾಗ, ಸೂರ್ಯಕಿರಣ್ ತಂಡದ ನೆಲೆ. ಎಂಜಿನ್ನಿಗೇ ತೊಂದರೆ ಬಂದಿದ್ದರೆ ಆ ಮಾತು ಬೇರೆ. ರೇಡಿಯೊ ಮಾತ್ರ ಹೋಗಿದ್ದರೆ ಕಲಬುರಗಿಗೆ ವಾಪಸ್ ಬನ್ನಿ.

ಟವರ್ ಕಡೆಯಿಂದ ದೀಪ ನೋಡಿ. ಗಾಳಿಯಲ್ಲಿರುವಾಗ ನಿಂತ ಹಸಿರು ಅಂದರೆ ಇಳಿಯಬಹುದು. ಮಿಣುಕುವ ಹಸಿರು ಅಂದರೆ ಇಳಿಯಲು ವಾಪಸ್ ಬನ್ನಿ, ಇಳಿಯುವ ಒಪ್ಪಿಗೆ ಆಮೇಲೆ. ನಿಂತ ಕೆಂಪು ಅಂದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರಿ. ಮಿಣುಕುವ ಕೆಂಪು ಅಂದರೆ ನಿಲ್ದಾಣ ಸುರಕ್ಷಿತ ಅಲ್ಲ, ಇಳಿಯಬೇಡಿ. ಕಂಡಿತು ಅಂತ ತಿಳಿಸಲು ಹಗಲಲ್ಲಿ ರೆಕ್ಕೆ ಅಲ್ಲಾಡಿಸಿ. ಮಧ್ಯಾಹ್ನದ ಉರಿಬಿಸಿಲಲ್ಲಿ ಈ ದೀಪ ಕಾಣುವುದು ಕಷ್ಟ, ಟವರ್ ಕಡೆಯೇ ಕಣ್ಣು ನೆಟ್ಟಿರಬೇಕು. ಟವರಿನ ಫೋನ್ ನಂಬರ್ ಮೊಬೈಲಿನಲ್ಲಿ ಇದ್ದರೆ ಅದನ್ನೂ ಪ್ರಯತ್ನಿಸಿ.

ಇಳಿದ ಮೇಲೆ ಟವರಿಗೆ ತಿಳಿಸಿ, ಆಮೇಲೆ ದೋಷದ ಪುಸ್ತಕ ತೆಗೆಯಿರಿ. "ರೇಡಿಯೊ ಕೆಲಸ ಮಾಡುತ್ತಿಲ್ಲ" ಅಂತ ಒಂದು ಸಾಲು ಗೀಚಿ ಹೋದರೆ ನಮಗೆ ಇಡೀ ದಿನದ ಕೆಲಸ. ಹೀಗೆ ಬರೆಯಿರಿ: "ಯಾದಗಿರಿ ಕಡೆಯಿಂದ ಬರುವಾಗ, 3,500 ಅಡಿ. ಕಾಮ್ ಒಂದರಲ್ಲಿ ಕೇಳುತ್ತಿತ್ತು, ಉತ್ತರ ಹೋಗಲಿಲ್ಲ. ಕಾಮ್ ಎರಡರಲ್ಲೂ ಹಾಗೇ. ಬಲ ಸೀಟಿನ ಜಾಕಿಗೆ ಹೆಡ್‌ಸೆಟ್ ಬದಲಿಸಿದಾಗ ಎರಡೂ ಸರಿ." ಇಷ್ಟು ಓದಿದರೆ ರೇಡಿಯೊ ಹೊರಗೆ ಎಳೆಯದೆ ನೇರ ಎಡ ಸೀಟಿನ ಮೈಕ್ ಜಾಕು ಬಿಚ್ಚಬಹುದು.